ಮೂಗಿನ ಹಾಡು

ಬಿಲ್ಲು ಮುಟ್ಟಬೇಡ, ಬಾಯಿ ಮುಚ್ಚಬೇಡ. ಹೊಸವರ್ಷದ ಲೋಸಾರ್ ಹಬ್ಬದ ಬೆಳಗ್ಗೆ, ವಿಪಾ ಇನ್ನೂ ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲೇ ಮುದುಕಿ ಅಂಗೇ ಅವಳಿಗೆ ಹೇಳಿಕೊಟ್ಟ ಪಾಠ ಇಷ್ಟೇ.

"ಬಿಲ್ಲು ಯಾಕೆ ಮುಟ್ಟಬಾರ್ದು ಅಂಗೇ?" ಎಂದು ವಿಪಾ ಕೇಳಿದಳು.

"ಪಂದ್ಯದ ದಿನ ಹೆಂಗಸು ಮುಟ್ಟಿದ ಬಿಲ್ಲು ಗುರಿ ತಪ್ಪುತ್ತಂತೆ. ನಮ್ಮ ಗಂಡಸರು ಕಂಡುಹಿಡಿದಿದ್ದು. ಪಾಪ, ತಪ್ಪಿದಾಗ ಹೇಳ್ಕೊಳ್ಳೋಕೆ ಅವರಿಗೂ ಏನಾದ್ರೂ ಬೇಕಲ್ಲ," ಎಂದಳು ಅಂಗೇ. "ನಿನಗ್ಯಾಕೆ ಬಿಲ್ಲು? ಬಾಯಿ ಇದೆಯಲ್ಲ. ನಮ್ಮ ಸಾಲಿನಲ್ಲಿ ನಿಂತ್ಕೊ. ಮುಂದಿನವಳು ಹಾಡಿದ್ದನ್ನ ತಿರುಗಿ ಹಾಡು. ತಿರುಗಿ ಹಾಡೋರಿಲ್ಲದ ಹಾಡು ಅಲ್ಲೇ ಸತ್ತುಹೋಗುತ್ತೆ."

"ಎದುರು ಊರಿನವರನ್ನ ಏನು ಬೇಕಾದ್ರೂ ಅಂದು ಹಾಡಬಹುದಾ?"

"ಏನು ಬೇಕಾದ್ರೂ. ಅವನ ಮೂತಿ, ಅವನ ಹೆಂಡ್ತಿ, ಅವನ ಹೇಸರಗತ್ತೆ, ಯಾವುದನ್ನೂ ಬಿಡ್ಬೇಡ. ಸಿಟ್ಟು ಮಾತ್ರ ಯಾರೂ ಮಾಡ್ಕೊಳ್ಳೋ ಹಾಗಿಲ್ಲ. ಮೈದಾನದಲ್ಲಿ ಸಿಟ್ಟು ಬಂದವನು ಬಾಣ ಬಿಡೋ ಮೊದಲೇ ಸೋತ ಅಂತ ಲೆಕ್ಕ."

ವಿಪಾ ಥಾಯ್ಲೆಂಡಿನ ಹುಡುಗಿ. ಭೂತಾನಿಗೆ ಓದಲು ಬಂದು ಎರಡನೆಯ ವರ್ಷ. ಹಾಸ್ಟೆಲಿನಲ್ಲಿ ಅವಳ ಕೋಣೆಯ ಜೊತೆಗಾತಿ ಗಾಕಿ. ಅಂಗೇ ಗಾಕಿಯ ಅಜ್ಜಿ. ವಿಪಾ ಈ ದೇಶದ ಮಾತನ್ನು ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು, ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುವಷ್ಟು ಕಲಿತಿದ್ದಳು. ಕಾಲೇಜಿನಲ್ಲಿ ‘ಆಟ ಮತ್ತು ಸಂಸ್ಕೃತಿ’ ಎಂಬ ಪಾಠವಿತ್ತು. ರಜೆಗೆ ಹೊರಟಾಗ ಮೇಷ್ಟ್ರು, ಒಂದು ಊರಿಗೆ ಹೋಗಿ, ಒಂದು ದಿನದ ಬಿಲ್ಲುಪಂದ್ಯ ನೋಡಿ, ಕಂಡದ್ದನ್ನು ಬರೆದು ತನ್ನಿ ಎಂದಿದ್ದರು. ಜೊತೆಗೆ ಒಂದು ಬಾಲವನ್ನೂ ಅಂಟಿಸಿದ್ದರು: "ಅತಿಥಿಗಳಾಗಿ ಹೋಗಿ, ಅತಿಥಿಗಳಾಗಿಯೇ ಬನ್ನಿ. ಊರ ಉಸಾಬರಿಗೆ ತಲೆ ಹಾಕಬೇಡಿ." ಹೇಳುವುದು ಸುಲಭ. ಊರಿನಲ್ಲಿ ಒಂದು ಬಟ್ಟಲು ಬೆಣ್ಣೆ ಚಹಾ ಕುಡಿದರೆ ಸಾಕು, ಅರ್ಧ ಉಸಾಬರಿ ಅದರ ಜೊತೆಗೇ ಗಂಟಲಿಗೆ ಇಳಿದಿರುತ್ತದೆ.

ಆ ಚಹಾ ತಂದುಕೊಟ್ಟವಳು ಗಾಕಿಯ ಅಕ್ಕ ಬಿಧಾ. ಅವಳು ಉಟ್ಟ ಕಿರಾದ ಅಂಚು ಹಿಡಿದುಕೊಂಡು ಐದು ವರ್ಷದ ಮಗಳು ಯುಡೆನ್ ಬಂದಳು. ಬಿಧಾ ಬಟ್ಟಲು ಇಟ್ಟಳು, ಮಾತಾಡಲಿಲ್ಲ, ಮೈದಾನಕ್ಕೆ ಒಯ್ಯಬೇಕಾದ ಕೆಟಲುಗಳನ್ನು ತೊಳೆಯಲು ಹೋದಳು. ಅವಳ ಕತೆ ವಿಪಾಗೆ ಹಾಸ್ಟೆಲಿನಲ್ಲೇ ಗೊತ್ತಾಗಿತ್ತು. ಗಾಕಿಯ ಊರು ಗೋಬ್ಜಾದವರಿಗೆಲ್ಲ ಗೊತ್ತಿತ್ತು, ಮೇಲಿನ ಲುಂಚು ಊರಿನವರಿಗೂ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ, ಅಷ್ಟೆ.

ಒಂದು ಚಳಿಗಾಲ ಪೂರ್ತಿ ಲುಂಚು ಊರಿನ ನಿದುಪ್ ಕಿಟಕಿ ಹತ್ತಿ ಬಿಧಾಳ ಕೋಣೆಗೆ ಬರುತ್ತಿದ್ದ. ಮದುವೆಯ ಮಾತನ್ನೂ ಆಡಿದ್ದ. ಬಸಿರು ಕಾಣುವ ಹೊತ್ತಿಗೆ ಬರುವುದು ನಿಂತಿತು. ಮಗು ಹುಟ್ಟಿದ ಮೇಲೆ "ನನ್ನದಲ್ಲ" ಎಂದುಬಿಟ್ಟ. ಅಪ್ಪ ಬಂದು ಒಪ್ಪಿಕೊಳ್ಳದೆ ಮಗುವಿನ ಹೆಸರು ಜನಗಣತಿಯ ಪಟ್ಟಿಗೆ ಏರುವುದಿಲ್ಲ. ಏರದಿದ್ದರೆ ಮುಂದೆ ಹುಟ್ಟಿದ ನೆಲದಲ್ಲೇ ಅವಳು ಪರದೇಶಿ. ಬಿಧಾ ಕಚೇರಿಗೆ ಹೋದಾಗಲೆಲ್ಲ "ಅಪ್ಪ ಯಾರು, ಕರ್ಕೊಂಡು ಬಾ" ಎಂಬ ಒಂದೇ ಮಾತು. ನ್ಯಾಯಾಲಯಕ್ಕೆ ಹೋಗುತ್ತೇನೆಂದರೆ ಸೋದರಮಾವ ಗೆಂಬೊ ಬಿಡಲೊಲ್ಲ. ಗೋಬ್ಜಾದ ಗದ್ದೆಗೆ ನೀರು ಬರುವುದು ಲುಂಚು ಊರನ್ನು ಹಾದು. ನಾಟಿಯ ಹೊತ್ತಿಗೆ ಅವರು ಮೇಲೆ ಒಂದು ಕಲ್ಲು ಅಡ್ಡ ಇಟ್ಟರೆ ಇವರ ಸಸಿ ಒಣಗಿತು. ಹಾಗಾಗಿ ಗೆಂಬೊ ಕೈಯಲ್ಲಿ ಹೆಂಡದ ಬಾಟಲಿ ಹಿಡಿದು, ತಲೆ ತಗ್ಗಿಸಿಕೊಂಡು ಹೋಗಿ ಕೇಳಿ ಬಂದಿದ್ದ. ನಿದುಪ್‌ನ ಸೋದರಮಾವ, ಲುಂಚು ತಂಡದ ನಾಯಕ ಮುದುಕ ಫುಬ್, "ಪುರಾವೆ ಏನು ಗೆಂಬೊ?" ಎಂದು ಬಾಟಲಿಯನ್ನು ಮಾತ್ರ ಇಟ್ಟುಕೊಂಡು ಕಳಿಸಿದ್ದ. ಇದನ್ನು ಕೇಳಿದಾಗ ವಿಪಾಗೆ ಮೈ ಉರಿದಿತ್ತು.

ಮೈದಾನ ಹೊಳೆಯ ಪಕ್ಕದಲ್ಲೇ. ಈ ತುದಿಯಿಂದ ನೋಡಿದರೆ ಆ ತುದಿಯ ಗುರಿಹಲಗೆ ಕಾಣಲು ಕಣ್ಣು ಕಿರಿದು ಮಾಡಬೇಕು. ಹಲಗೆಯೋ, ಕೂರುವ ಮಣೆಯಷ್ಟು ಅಗಲ. ಎರಡೂ ತಂಡದವರು ಅರ್ಧ ಇಲ್ಲಿ, ಅರ್ಧ ಅಲ್ಲಿ. ಅಲ್ಲಿದ್ದವರು ಸುಮ್ಮನೆ ದೂರ ನಿಲ್ಲುತ್ತಾರೆಯೇ? ಹಲಗೆಯ ಮುಂದೆಯೇ ಕುಣಿಯುತ್ತಾರೆ, ಬಾಣ ಬರುವ ಹೊತ್ತಿಗೆ ಪಕ್ಕಕ್ಕೆ ಹಾರುತ್ತಾರೆ.

"ಇವರಿಗೆ ಹುಚ್ಚಾ?" ಎಂದಳು ವಿಪಾ.

"ಹಬ್ಬದ ದಿನ ಹೌದು," ಎಂದಳು ಗಾಕಿ. "ಉಳಿದ ದಿನ ಸ್ವಲ್ಪ ಕಮ್ಮಿ."

ಗೆಂಬೊ ಬಿಲ್ಲು ಎಳೆದು ನಿಂತಾಗ ಆ ತುದಿಯಿಂದ ಲುಂಚು ಊರಿನವರು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು: "ಗೆಂಬೋ! ಹಲಗೆ ಇಲ್ಲಿದೆ, ನಿನ್ನ ಹೆಂಡ್ತಿ ಅಲ್ಲಿದ್ದಾಳೆ! ಯಾವುದಕ್ಕೆ ಕೈ ನಡುಗ್ತಿದೆ ಹೇಳು!" ಗೆಂಬೊ ನಕ್ಕ. ನಗುತ್ತಲೇ ಬಿಟ್ಟ ಬಾಣ ಹೊಳೆಯ ಕಲ್ಲುಗಳ ನಡುವೆ ಎಲ್ಲೋ ಹೋಯಿತು. ಅವನ ಹೆಂಡತಿಯೇ ಮೊದಲು ಚಪ್ಪಾಳೆ ತಟ್ಟಿದಳು.

ಎರಡೂ ಊರಿನ ಹೆಂಗಸರ ಸಾಲುಗಳು ಈ ತುದಿಯಲ್ಲಿ, ಬಾಣ ಬಿಡುವವರ ಆಚೆ ಈಚೆ ಎದುರುಬದುರು ಇದ್ದವು. ಕೈ ಕೈ ಹಿಡಿದು, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಇಡುತ್ತ ಹಾಡುವುದು. ಗಂಟಲು ಒಡೆದುಹೋಗಿದ್ದರಿಂದ ಅಂಗೇ ಈಗ ಹಾಡುತ್ತಿರಲಿಲ್ಲ. ಮುಂದೆ ಒಂದು ಮಣೆ ಹಾಕಿಕೊಂಡು ಕುಳಿತು, ಕೋಲಿನಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದಳು. ಹಾಡು ಎತ್ತಿಕೊಡುವವಳು ಗಾಕಿ. ಸರದಿ ನಿದುಪ್‌ನದು. ಅಗಲ ಎದೆಯ, ಚೆಲುವಾದ ಆಳು. ಅವನ ಸೊಂಟದಲ್ಲಿ ಆಗಲೇ ಎರಡು ಬಣ್ಣದ ವಸ್ತ್ರಗಳಿದ್ದವು, ಎರಡು ಬಾಣ ಹಲಗೆಗೆ ನೆಟ್ಟದ್ದಕ್ಕೆ. ಗಾಕಿ ಎತ್ತಿಕೊಂಡಳು:

"ನಿದುಪ್‌ ಬಿಟ್ಟ ಬಾಣಕ್ಕೆ ದಾರಿಯೇ ಗೊತ್ತಿಲ್ಲ,
ಅತ್ತೆ ಮನೆಗೆ ಹೊರಟಿದ್ದು ಸೌತೆ ಚಪ್ಪರಕ್ಕೆ ಬಿತ್ತಲ್ಲ!"

ವಿಪಾ ಎಲ್ಲರ ಜೊತೆ ತಿರುಗಿ ಹಾಡಿದಳು. ನಿದುಪ್ ನಕ್ಕು ಅವಳತ್ತ ನೋಡಿ, "ಓಹೋ, ಗೋಬ್ಜಾದವರು ಬಯ್ಯೋಕೂ ಹೊರಗಿಂದ ಆಳು ತರಿಸಿದ್ದಾರೆ!" ಎಂದ. ಎಲ್ಲರೂ ನಕ್ಕರು, ವಿಪಾ ಕೂಡ ನಕ್ಕಳು. ಅವನು ನಗುವುದಕ್ಕೂ ತನಗೆ ನಗು ಬಂದದ್ದಕ್ಕೂ ಮರುಕ್ಷಣವೇ ಅವಳಿಗೆ ಕಸಿವಿಸಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ಕೆಂಪಕ್ಕಿ ಅನ್ನ, ಮೆಣಸಿನಕಾಯಿ ಗಿಣ್ಣಿನ ಸಾರು, ಮೇಲೆ ಹೆಂಡ ಎಲ್ಲ ಇಳಿದು ಬಾಯಿಗಳು ಇನ್ನೂ ಸಡಿಲವಾಗಿದ್ದವು. ಮುದುಕ ಫುಬ್ ಬಿಲ್ಲು ಎತ್ತಿದ. ಅವನ ಬಾಯಲ್ಲಿ ಹಲ್ಲಿಲ್ಲ, ಮುಖದಲ್ಲಿ ಉಳಿದಿರುವುದು ಮೂಗೊಂದೇ. ಗಾಕಿ ಬಿಡಲಿಲ್ಲ:

"ಫುಬ್ ಅಜ್ಜನ ಮೂಗು ನೋಡಿ, ಬದನೆಕಾಯಿ ಮೂಗು,
ಕಣಿವೆ ತುಂಬ ತೊಟ್ಟಿಲಲ್ಲಿ ಅದೇ ಮೂಗಿನ ಕೂಗು!"

ಫುಬ್ ಬಿಲ್ಲನ್ನು ಬಗಲಿಗೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಮೂಗು ಹಿಡಿದು ಕುಣಿದ. "ಎಲ್ಲ ನನ್ನವೇ! ಕರ್ಕೊಂಡು ಬನ್ನಿ, ಎಲ್ಲರಿಗೂ ಒಂದೊಂದು ಮುತ್ತು ಕೊಡ್ತೀನಿ!" ಎಂದು ಕೂಗಿದ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿದುಪ್ ಎಲ್ಲರಿಗಿಂತ ಜೋರಾಗಿ, ತಲೆ ಹಿಂದಕ್ಕೆ ಎಸೆದು ನಕ್ಕ.

ಆ ನಗುವೇ ಕೆಡಿಸಿದ್ದು. ಬಿಧಾ ಆಗ ಅವನ ಹಿಂದಿನಿಂದಲೇ ಚಹಾ ಬಗ್ಗಿಸುತ್ತ ಬರುತ್ತಿದ್ದಳು. ಕೆಟಲನ್ನು ಹುಲ್ಲಿನ ಮೇಲೆ ಇಟ್ಟಳು. ಸಾಲಿಗೆ ಬಂದು ಗಾಕಿಯ ಮತ್ತು ವಿಪಾಳ ಕೈಗಳನ್ನು ಬಿಡಿಸಿ ನಡುವೆ ನಿಂತಳು. ಅವಳ ಅಂಗೈ ಬೆವರಿ ತಣ್ಣಗಾಗಿದ್ದದ್ದು ವಿಪಾಗೆ ತಿಳಿಯಿತು. ಫುಬ್ ಅಜ್ಜನ ಸರದಿ ಮುಗಿದು ನಿದುಪ್ ಬಾಣ ಹೂಡುತ್ತಿದ್ದ. ಇದೊಂದು ನೆಟ್ಟರೆ ಲುಂಚು ಊರಿಗೇ ಗೆಲುವು. ಬಿಧಾ ಅವನನ್ನು ನೋಡುತ್ತ ಹಾಡಿದಳು:

"ನಿದುಪ್‌ ಬಿಟ್ಟ ಬಾಣ ದೂರದ ಹಲಗೆ ಮುಟ್ಟುತ್ತೆ,
ಮಗಳ ಹೆಸರು ಹೇಳೋಕೆ ನಾಲಗೆ ಯಾಕೆ ಕಟ್ಟುತ್ತೆ?"

ಯಾರೂ ತಿರುಗಿ ಹಾಡಲಿಲ್ಲ. ಹೆಜ್ಜೆಗಳು ನಿಂತವು. ಹೆಂಗಸರಲ್ಲಿ ಒಬ್ಬಳು ಕೆಮ್ಮಿದಳು, ಇನ್ನೊಬ್ಬಳು ಕಿರಾದ ಪಿನ್ನು ಸರಿಮಾಡಿಕೊಂಡಳು. ಗಾಕಿಯ ಕಣ್ಣು ಮಾವನ ಮೇಲಿತ್ತು. ಗೆಂಬೊನ ಮುಖ ಬಿಳಿಚಿಕೊಂಡಿತ್ತು. ನಿದುಪ್ ತಿರುಗಿ ನೋಡದೆ ಬಾಣದ ಗರಿ ನೇವರಿಸುತ್ತ ನಿಂತಿದ್ದ. ಇನ್ನೊಂದು ಗಳಿಗೆ ಹೀಗೇ ಕಳೆದರೆ ಈ ಹಾಡು ಇಲ್ಲಿಯೇ ಸಾಯುತ್ತದೆ, ಬಿಧಾ ಮತ್ತೆ ಕೆಟಲು ಎತ್ತಿಕೊಳ್ಳುತ್ತಾಳೆ ಎಂದು ಅವನಿಗೂ ಗೊತ್ತಿತ್ತು.

ವಿಪಾಳ ತುಟಿಗೆ ಒಂದು ನಗೆ ಬಂತು. ಕಷ್ಟದ ಹೊತ್ತಿನಲ್ಲಿ ಹಲ್ಲು ಕಾಣಿಸಿ ಎಲ್ಲವನ್ನೂ ತೇಲಿಸಿಬಿಡುವುದು ಅವಳ ತಾಯಿ ಕಲಿಸಿದ್ದ ಮರ್ಯಾದೆ. ತನ್ನ ಮುಖದ ಮೇಲೆ ಆ ನಗೆ ಕೂತಿರುವುದು ತಿಳಿದು ಅವಳಿಗೆ ಅಸಹ್ಯವಾಯಿತು. ಅವಳು ಬಾಯಿ ತೆರೆದು, ರಾಗ ತಪ್ಪಿದ ತನ್ನ ಥಾಯ್ ಉಚ್ಚಾರದಲ್ಲಿ, ಒಬ್ಬಳೇ ಹಾಡಿದಳು: ಮಗಳ ಹೆಸರು ಹೇಳೋಕೆ ನಾಲಗೆ ಯಾಕೆ ಕಟ್ಟುತ್ತೆ?

ಗೆಂಬೊ ಓಡಿಬಂದ. "ಪಾಪ, ಪರದೇಶದ ಹುಡುಗಿ! ಏನೂ ತಿಳಿಯಲ್ಲ ಅವಳಿಗೆ. ಗಿಣಿ ತರ ಹೇಳಿಬಿಟ್ಟಳು, ಬಿಡಿ, ಬಿಡಿ," ಎಂದು ಎರಡೂ ಊರಿನವರಿಗೆ ಕೇಳುವಂತೆ ನಕ್ಕ. "ಸಾಕಮ್ಮ ವಿಪಾ, ಅದು ಆಟದ ಹಾಡಲ್ಲ."

ಎಲ್ಲರಿಗೂ ಹಾಯೆನಿಸಿತು. ಒಂದಿಬ್ಬರು ನಕ್ಕರು ಕೂಡ. ವಿಪಾ ಹೌದೆಂದು ತಲೆ ತಗ್ಗಿಸಿದ್ದರೆ ಮುಗಿಯಿತು. ಮೇಷ್ಟ್ರು ಹೇಳಿದ ಹಾಗೆ ಅತಿಥಿಯಾಗಿಯೇ ಹೋಗಬಹುದಿತ್ತು, ಬರೆಯಲು ಬೇಕಾದಷ್ಟು ಸರಕೂ ಸಿಕ್ಕಿತ್ತು.

"ನಂಗೆ ತಿಳಿಯುತ್ತೆ ಮಾವ," ಎಂದಳು ವಿಪಾ. ಆಮೇಲೆ ಎರಡೂ ಊರಿಗೆ ಕೇಳುವಂತೆ ಇನ್ನಷ್ಟು ಗಟ್ಟಿಯಾಗಿ ಹೇಳಿದಳು. "ಯುಡೆನ್‌ಗೆ ಅಪ್ಪ ಯಾರು ಅಂತ ಬಿಧಾ ಅಕ್ಕ ಕೇಳ್ತಿದ್ದಾಳೆ. ನಾನೂ ಅದನ್ನೇ ಕೇಳ್ತಿದ್ದೀನಿ. ಗಿಣಿ ಅಲ್ಲ ನಾನು." ಮತ್ತೆ ಹಾಡಿದಳು, ಮೊದಲಿಗಿಂತ ಕೆಟ್ಟದಾಗಿ, ಮೊದಲಿಗಿಂತ ಜೋರಾಗಿ.

ಈ ಸಲ ಗಾಕಿಯ ಸ್ವರ ಸೇರಿತು. ಹಿಂದೆಯೇ ಅಂಗೇಯ ಕೋಲು ನೆಲ ಕುಟ್ಟಿತು. ಒಡೆದ ಗಂಟಲಿನಲ್ಲಿ ಮುದುಕಿಯೂ ಹಾಡತೊಡಗಿದಾಗ ಗೆಂಬೊ ಅವಳ ಕಾಲ ಬಳಿ ಕುಕ್ಕರಿಸಿ, "ಅಮ್ಮಾ, ಏನು ಮಾಡ್ತಿದ್ದೀಯ? ನೀರು ನಿಲ್ಲಿಸ್ತಾರಮ್ಮಾ ಅವರು," ಎಂದ.

"ನಿಲ್ಲಿಸ್ಲಿ. ಹಾರೆ ತಗೊಂಡು ಹೋಗಿ ಬಿಡಿಸ್ಕೊಂಡು ಬಾ, ನೀನು ಗಂಡಸಲ್ವಾ?" ಎಂದಳು ಅಂಗೇ. "ಐದು ವರ್ಷ ಆ ನೀರಿಗೆ ಹೆದರಿ ನನ್ನ ಮೊಮ್ಮಗಳ ಬಾಯಿ ಕಟ್ಟಿದ್ದೀಯ. ಏಳು, ತಾಳ ತಪ್ಪಿಸ್ಬೇಡ."

ಸಾಲು ಪೂರ್ತಿ ಹಾಡಿತು. ಹೆಜ್ಜೆ ಮುಂದೆ ಬಂತು, ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ಬಿಧಾಳ ಕೈ ಈಗ ಬೆಚ್ಚಗಾಗಿತ್ತು. ಅವಳು ಎರಡನೆಯ ಹಾಡು ಎತ್ತಿದಳು:

"ಕಿಟಕಿ ಹತ್ತಿ ಬಂದ ದಾರಿ ಈಗ ಮರೆತುಹೋಯ್ತಾ?
ಯುಡೆನ್ ಮುಖದ ಮೂಗು ಯಾರ್ದು, ಅದೂ ಮರೆತುಹೋಯ್ತಾ?"

ಅಷ್ಟೂ ಹೆಂಗಸರು ಅದನ್ನು ಎತ್ತಿಕೊಂಡರು. ಎದುರಿಗಿದ್ದ ಲುಂಚು ಊರಿನ ಹೆಂಗಸರ ಸಾಲಿನಿಂದಲೂ ಯಾರೋ ಒಬ್ಬಳು, ಮುಖ ಮರೆಮಾಡಿಕೊಂಡು, ಕೊನೆಯ ಪದಕ್ಕೆ ಸ್ವರ ಕೂಡಿಸಿದಳು.

"ಬಾಯಿ ಮುಚ್ಚೇ!" ನಿದುಪ್ ಬಿಲ್ಲನ್ನು ನೆಲಕ್ಕೆ ಬೀಸಿ ಎಸೆದ. ಅದು ಉರುಳಿ ಹೆಂಗಸರ ಕಾಲ ಬಳಿ ಬಿತ್ತು. ಅವರು ಸರಕ್ಕನೆ ಹಿಂದೆ ಸರಿದರು. "ಇದು ಆಟಾನಾ? ಹಬ್ಬದ ದಿನ ನನ್ನ ಮಾನ ಹರಾಜು ಹಾಕೋಕೆ ಬಂದಿದ್ದೀರಾ? ಮತ್ತೆ ಹಾಡಿದ್ರೆ ನಾಲಗೆ ಕಿತ್ತುಹಾಕ್ತೀನಿ!"

ಹಾಡು ನಿಂತಿತು. ಆ ತುದಿಯವರು ಕುಣಿತ ಬಿಟ್ಟು ಇತ್ತ ನೋಡಿದರು. ಬಿಲ್ಲು ಎಸೆದವನನ್ನು ಆ ಮೈದಾನದಲ್ಲಿ ಮುದುಕರು ಕೂಡ ಕಂಡಿರಲಿಲ್ಲ.

ಫುಬ್ ನಿಧಾನವಾಗಿ ಸೋದರಳಿಯನ ಬಳಿಗೆ ಬಂದ. ಅವನ ಮುಖದಲ್ಲಿ ನಗು ಇರಲಿಲ್ಲ. "ಯಾಕೋ?" ಎಂದು ಕೇಳಿದ.

"ಸುಳ್ಳು ಹೇಳ್ತಿದ್ದಾಳೆ ಮಾವ!"

"ಹೇಳ್ಲಿ. ಬೆಳಗ್ಗೆಯಿಂದ ಇಲ್ಲಿ ಯಾರು ನಿಜ ಹಾಡಿದ್ದಾರೆ? ನಿನ್ನ ಬಾಣ ಸೌತೆ ಚಪ್ಪರಕ್ಕೆ ಬಿತ್ತು ಅಂದ್ರು, ನಕ್ಕೆ. ಕಣಿವೆ ತುಂಬ ನನ್ನ ಮಕ್ಕಳು ಅಂದ್ರು, ನಾನು ಕುಣಿದೆ, ನೀನು ಅದಕ್ಕೂ ನಕ್ಕೆ." ಫುಬ್ ಇನ್ನೂ ಹತ್ತಿರ ಬಂದ. "ಇದೊಂದಕ್ಕೆ ಯಾಕೆ ಸಿಟ್ಟು ಬಂತು?"

ನಿದುಪ್‌ನ ಕಿವಿಗಳು ಮೆಲ್ಲಗೆ ಕೆಂಪಾದವು. ಎರಡೂ ಊರಿನವರು ಆ ಕಿವಿಗಳನ್ನು ನೋಡಿದರು. ಅದಕ್ಕಿಂತ ಹೆಚ್ಚಿನದನ್ನು ಯಾವ ನ್ಯಾಯಾಧೀಶರೂ ಕೇಳುತ್ತಿರಲಿಲ್ಲ.

ಫುಬ್, ಹುಲ್ಲಿನ ಮೇಲೆ ಕುಳಿತು ಒಣ ಗಿಣ್ಣು ಚೀಪುತ್ತಿದ್ದ ಯುಡೆನ್‌ಳನ್ನು ಕರೆದ. ಅವಳು ಬಂದಳು. ಮುದುಕ ಅವಳ ಗಲ್ಲ ಎತ್ತಿ, ಬಿಸಿಲಿಗೆ ತಿರುಗಿಸಿ, ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಮೂಗನ್ನು ತಾನೇ ಮುಟ್ಟಿ ನೋಡಿಕೊಂಡ.

"ಥೂ ನನ್ನ ಕಣ್ಣಿಗಿಷ್ಟು," ಎಂದ. "ಇದನ್ನ ಮುಖದ ಮೇಲೆ ಇಟ್ಕೊಂಡು ಓಡಾಡ್ತಿರೋ ಮಗುಗೆ ನಾನು ಪುರಾವೆ ಕೇಳಿದ್ದೆ. ಗೆಂಬೊ, ಹಬ್ಬ ಮುಗಿದು ಕಚೇರಿ ಬಾಗಿಲು ತೆಗೆದ ದಿನ ನಾನೇ ಇವನನ್ನ ಎಳ್ಕೊಂಡು ಬರ್ತೀನಿ. ನೀರಿನ ಮಾತು ಎತ್ತಬೇಡ, ನಾಚಿಕೆ ಆಗುತ್ತೆ." ಬಿಧಾಳ ಕಡೆ ತಿರುಗಿದಾಗ ಅವನ ದನಿ ಮೆತ್ತಗಾಯಿತು. "ಮಗಳೇ, ಆಗಿದ್ದು ಆಯ್ತು. ನೀನೂ ಮಗು ಕರ್ಕೊಂಡು ನಮ್ಮನೆಗೇ ಬಂದುಬಿಡು. ಸೊಸೆ ಅಂತ ಇಟ್ಕೊಳ್ತೀವಿ."

ಹೆಂಗಸರಲ್ಲಿ ಕೆಲವರು ನಿಟ್ಟುಸಿರು ಬಿಟ್ಟರು. ಗೆಂಬೊನ ಕಣ್ಣಲ್ಲಿ ನೀರು ಬಂತು. ಒಳ್ಳೆಯ ಮನೆ, ಒಳ್ಳೆಯ ಗದ್ದೆ, ಎಲ್ಲ ಸರಿಹೋಯಿತು ಎಂದು ಅವನಿಗೆ ಅನ್ನಿಸಿರಬೇಕು.

"ಅವನನ್ನ ನೀವೇ ಇಟ್ಕೊಳ್ಳಿ ಅಜ್ಜ," ಎಂದಳು ಬಿಧಾ. "ನಾನು ಗಂಡನ್ನ ಕೇಳೋಕೆ ಬಂದಿಲ್ಲ. ಮಗಳಿಗೆ ಹೆಸರು ಕೇಳೋಕೆ ಬಂದೆ."

ನಿದುಪ್ ತಲೆ ತಗ್ಗಿಸಿಕೊಂಡು, "ಆಯ್ತು, ಕಚೇರೀಲಿ ಹೇಳ್ತೀನಿ," ಎಂದು ಗೊಣಗಿದ.

"ಇಲ್ಲೇ ಹೇಳು. ನನ್ನದಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ದೀಯ. ಅದೇ ಊರಿಗೆ ಹೇಳು."

ಅವನು ಮಾವನ ಮುಖ ನೋಡಿದ. ಫುಬ್ ಬೇರೆ ಕಡೆ ನೋಡುತ್ತಿದ್ದ. "ಯುಡೆನ್ ನನ್ನ ಮಗಳು," ಎಂದ ನಿದುಪ್, ತನ್ನ ಎದೆಗೆ ಹೇಳಿಕೊಂಡ ಹಾಗೆ.

"ಏನಂದ?" ಆ ತುದಿಯಿಂದ ಯಾರೋ ಕೂಗಿದರು. ಗೋಬ್ಜಾದವನಲ್ಲ, ಲುಂಚು ಊರಿನವನೇ. "ಇಲ್ಲಿಗೆ ಕೇಳಿಸ್ಲಿಲ್ಲ!"

ನಿದುಪ್ ಸ್ವರ ಏರಿಸಿದ. "ಯುಡೆನ್ ನನ್ನ ಮಗಳು!"

"ಯಾರ ಮಗಳು?" ಈಗ ಆ ತುದಿಯಲ್ಲಿದ್ದವರೆಲ್ಲ, ಎರಡೂ ತಂಡದವರು, ಹಲಗೆಯ ಮುಂದೆ ಸಾಲಾಗಿ ನಿಂತು ಕಿವಿಗೆ ಕೈ ಹಿಡಿದಿದ್ದರು. "ಗಾಳಿ ಜಾಸ್ತಿ ಇದೆ ಮಾರಾಯ! ಯಾರ ಮಗಳು?"

ಗಾಳಿ ಸ್ವಲ್ಪವೂ ಇರಲಿಲ್ಲ. ನಿದುಪ್ ಸಾಕೆನ್ನುವಂತೆ ಬಿಧಾಳ ಮುಖ ನೋಡಿದ. ಬಿಧಾ ಮಗಳನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡಳು, ವಿಪಾ ಅವಳ ಪಕ್ಕದಲ್ಲೇ ನಿಂತಿದ್ದಳು.

"ದೂರ ಇದ್ದಾರೆ," ಎಂದಳು ಬಿಧಾ. "ಜೋರಾಗಿ ಹೇಳು."

ನಿದುಪ್ ಎದೆ ತುಂಬ ಉಸಿರೆಳೆದುಕೊಂಡು ಮತ್ತೊಮ್ಮೆ ಕೂಗಿದ.